ಓದುಗರ ಪ್ರಶ್ನೆ, ನಮ್ಮ ಉತ್ತರ: ಹಿಂಬದಿಯಲ್ಲಿ ಪ್ರೊಪೆಲ್ಲರ್ ಇರುವ ಮಾದರಿ ವಿಮಾನದ ಎಂಜಿನ್ ಕಾದು ನಿಲ್ಲುವುದೇಕೆ?

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ. ಎಂಜಿನ್ ಅಥವಾ ಮೋಟಾರನ್ನು ಹಿಂದಕ್ಕೆ ಕೂರಿಸಿ, ಪ್ರೊಪೆಲ್ಲರ್ ವಿಮಾನವನ್ನು ಹಿಂದಿನಿಂದ ತಳ್ಳುವಂತೆ ಕಟ್ಟಿದ ಮಾದರಿಗಳು, ಅಂದರೆ ಪುಷರ್ ವಿಮಾನಗಳು, ಬೇಸಿಗೆಯಲ್ಲಿ ಅತಿಯಾಗಿ ಬಿಸಿಯಾಗುತ್ತಿವೆ ಎಂಬುದು ಎಲ್ಲರ ದೂರು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿ. ಗೆಳೆಯರೊಂದಿಗೆ ಸೇರಿ ಬಾಲ್ಸಾ ಮತ್ತು ಪ್ಲೈವುಡ್‌ನಲ್ಲಿ ಒಂದು ಕೆನಾರ್ಡ್ ವಿಮಾನ (ಚಿಕ್ಕ ರೆಕ್ಕೆ ಮುಂದೆ, ದೊಡ್ಡದು ಹಿಂದೆ ಇರುವಂಥದ್ದು) ಕಟ್ಟಿದ್ದೇನೆ. 46 ಗಾತ್ರದ, ಅಂದರೆ 7.5 ಸಿಸಿಯ ಗ್ಲೋ ಎಂಜಿನ್ (ಮೆಥನಾಲ್ ಇಂಧನದ ಚಿಕ್ಕ ಎಂಜಿನ್) ಹಿಂಬದಿಯ ಕೌಲಿಂಗ್, ಅಂದರೆ ಎಂಜಿನ್ನಿನ ಹೊದಿಕೆಯ, ಒಳಗಿದೆ. ಇದೇ ಎಂಜಿನ್ ಟ್ರೈನರ್ ವಿಮಾನದ ಮೂತಿಯಲ್ಲಿದ್ದಾಗ ಎಂದೂ ತೊಂದರೆ ಕೊಟ್ಟಿರಲಿಲ್ಲ. ಈಗ ಮೇಲೇರಿದ ಎರಡು ಮೂರು ನಿಮಿಷಗಳಲ್ಲೇ ಸದ್ದು ಕುಗ್ಗಿ ನಿಂತುಬಿಡುತ್ತದೆ. ಕೌಲಿಂಗ್‌ನ ಮುಂದಿನ ರಂಧ್ರಗಳನ್ನು ದೊಡ್ಡದು ಮಾಡಿದರೂ ಫಲ ಸಿಗಲಿಲ್ಲ. ಏನು ಮಾಡಲಿ?
ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಎಂಜಿನ್ನಿನಲ್ಲೇ ದೋಷವಿರುವ ಸಾಧ್ಯತೆ ಕಡಿಮೆ. ಅದು ಕೂರುವ ಜಾಗ ಬದಲಾಗಿದೆ, ಆದರೆ ಆ ಜಾಗಕ್ಕೆ ತಕ್ಕ ಗಾಳಿಯ ದಾರಿ ಇನ್ನೂ ಸಿದ್ಧವಾಗಿಲ್ಲ. ಮೂತಿಯಲ್ಲಿ ಪ್ರೊಪೆಲ್ಲರ್ ಇರುವ ವಿಮಾನದಲ್ಲಿ ಅಲಗುಗಳು ಹಿಂದಕ್ಕೆ ಎಸೆಯುವ ಬಿರುಸಾದ ಗಾಳಿ ನೇರವಾಗಿ ಸಿಲಿಂಡರಿನ ಶಾಖ ಹೊರಬಿಡುವ ತೆಳು ಲೋಹಪಟ್ಟಿಗಳಾದ ಫಿನ್‌ಗಳ ಮೇಲೆ ಬೀಳುವುದರಿಂದ, ವಿಮಾನ ನೆಲದ ಮೇಲೆ ನಿಂತಿದ್ದರೂ ಎಂಜಿನ್ ತಂಪಾಗುತ್ತಲೇ ಇರುತ್ತದೆ. ಪುಷರ್ ವಿಮಾನದಲ್ಲಿ ಎಂಜಿನ್ ಇರುವುದು ಪ್ರೊಪೆಲ್ಲರ್ ಗಾಳಿಯನ್ನು ಎಳೆದುಕೊಳ್ಳುವ ಬದಿಯಲ್ಲಿ. ಎಳೆಯುವ ಬದಿಯ ಗಾಳಿ ಎಲ್ಲ ದಿಕ್ಕುಗಳಿಂದಲೂ ನಿಧಾನವಾಗಿ ಬಂದು ಸೇರುತ್ತದೆ. ತಳ್ಳುವ ಬದಿಯ ಗಾಳಿ ಒಟ್ಟಾಗಿ, ಒಂದೇ ದಿಕ್ಕಿಗೆ, ವೇಗವಾಗಿ ಹೋಗುತ್ತದೆ. ವಿಮಾನ ನಿಂತಲ್ಲೇ ಎಂಜಿನ್ ಓಡುತ್ತಿದ್ದರೆ, ಪ್ರೊಪೆಲ್ಲರಿನಿಂದ ಅದರ ತ್ರಿಜ್ಯದಷ್ಟು ದೂರದಲ್ಲಿ ಮುಂಬದಿಯ ಗಾಳಿಯ ವೇಗ, ಅಷ್ಟೇ ದೂರದಲ್ಲಿ ಹಿಂಬದಿಯಲ್ಲಿರುವ ವೇಗದ ಸುಮಾರು ಆರನೇ ಒಂದು ಭಾಗ ಮಾತ್ರ ಎಂದು ಲೆಕ್ಕ ಹೇಳುತ್ತದೆ. ಅಲಗಿನ ಹತ್ತಿರಕ್ಕೆ ಬಂದಷ್ಟೂ ಈ ಅಂತರ ಕಡಿಮೆಯಾಗುತ್ತದೆ, ಆದರೂ ಪುಷರ್ ವಿಮಾನಕ್ಕೆ ಸಿಗುವುದು ಎಲ್ಲ ಕಡೆಯೂ ಕಡಿಮೆಯ ಪಾಲೇ.

ಇನ್ನು, ರಂಧ್ರ ದೊಡ್ಡದು ಮಾಡಿದರೂ ಫಲ ಸಿಗದಿರುವುದಕ್ಕೆ ಕಾರಣ ನೋಡೋಣ. ಕೌಲಿಂಗ್ ಒಳಕ್ಕೆ ಎಷ್ಟು ಗಾಳಿ ಬರಬೇಕೆಂಬುದನ್ನು ತೀರ್ಮಾನಿಸುವುದು ಮುಂದಿನ ತೂತಿಗಿಂತ ಹೆಚ್ಚಾಗಿ ಹಿಂದಿನ ದಾರಿ. ಒಳಗೆ ಬಂದ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ಹೊರಹೋಗಲು ಜಾಗ ಸಾಲದಿದ್ದರೆ ಒಳಗೆ ಒತ್ತಡ ಏರಿ, ಹೊಸ ಗಾಳಿ ರಂಧ್ರದ ಬಾಯಿಯಲ್ಲೇ ತಡೆದು ಪಕ್ಕಕ್ಕೆ ಜಾರುತ್ತದೆ. ಹೊರದಾರಿಯ ವಿಸ್ತೀರ್ಣ ಒಳದಾರಿಯ ಎರಡರಿಂದ ಎರಡೂವರೆ ಪಟ್ಟು ಇರಬೇಕೆಂಬುದು ಹವ್ಯಾಸಿಗಳು ಬಹುಕಾಲದಿಂದ ನಂಬಿಕೊಂಡು ಬಂದಿರುವ ಅಳತೆ. ಮುಂದೆ 6 ಚದರ ಸೆಂಟಿಮೀಟರ್ ತೆರೆದಿದ್ದರೆ ಹಿಂದೆ 12ರಿಂದ 15 ಚದರ ಸೆಂಟಿಮೀಟರ್ ತೆರೆದಿರಲಿ. ನೀವು ಮುಂದಿನದನ್ನು ಹಿಗ್ಗಿಸುತ್ತಾ ಹಿಂದಿನದನ್ನು ಹಾಗೆಯೇ ಬಿಟ್ಟಿದ್ದರಿಂದ ಈ ಅನುಪಾತ ಇನ್ನಷ್ಟು ಕೆಟ್ಟಿರುತ್ತದೆ. ಪುಷರ್ ವಿಮಾನಕ್ಕೆ ಇಲ್ಲಿ ಒಂದು ಅನುಕೂಲವೂ ಇದೆ, ಅದನ್ನು ಬಿಟ್ಟುಕೊಡಬಾರದು: ಪ್ರೊಪೆಲ್ಲರಿನ ಮುಂದೆಯೇ, ಸ್ಪಿನ್ನರ್ (ಪ್ರೊಪೆಲ್ಲರಿನ ನಡುವಿನ ಶಂಕುವಿನಾಕಾರದ ಮುಚ್ಚಳ) ಸುತ್ತ ಉಂಗುರದ ಆಕಾರದ ಸಂದು ಬಿಟ್ಟರೆ, ಅಲಗುಗಳು ಎಳೆಯುವ ಗಾಳಿಯಿಂದ ಅಲ್ಲಿ ಒತ್ತಡ ತಗ್ಗಿರುತ್ತದೆ, ಕೌಲಿಂಗ್ ಒಳಗಿನ ಬಿಸಿಗಾಳಿಯನ್ನು ಪ್ರೊಪೆಲ್ಲರ್ ತಾನೇ ಹೀರಿ ತೆಗೆಯುತ್ತದೆ. ನೆಲದ ಮೇಲೆ ನಿಂತಾಗಲೂ ಕೆಲಸ ಮಾಡುವ ಏಕೈಕ ಉಪಾಯ ಇದು. ನನ್ನ ಮಟ್ಟಿಗೆ ಪುಷರ್ ವಿಮಾನದ ತಂಪಿನ ವಿಚಾರದಲ್ಲಿ ಮೊದಲು ನೋಡಬೇಕಾದದ್ದು ಈ ಹಿಂದಿನ ಸಂದನ್ನೇ.

ಎರಡನೆಯದಾಗಿ, ಒಳಬಂದ ಗಾಳಿಯನ್ನು ಫಿನ್‌ಗಳ ನಡುವೆಯೇ ಹಾಯುವಂತೆ ಮಾಡಬೇಕು. ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಸಿಲಿಂಡರನ್ನು ಮುಟ್ಟದೆ ಪಕ್ಕದಿಂದಲೇ ಹೋಗಿಬಿಡುತ್ತದೆ. ತೆಳುವಾದ ಪ್ಲೈವುಡ್ ಅಥವಾ ಅಲ್ಯೂಮಿನಿಯಂ ತಗಡಿನಿಂದ ತಡೆಗಳನ್ನು ಮಾಡಿ, ಸಿಲಿಂಡರಿನ ಎರಡೂ ಪಕ್ಕಗಳಿಂದ ಅದರ ಹಿಂಬದಿಯವರೆಗೆ ಬಳಸಿಕೊಂಡು ಬರುವಂತೆ, ಫಿನ್‌ನ ತುದಿಗೂ ತಡೆಗೂ ನಡುವೆ ಎರಡು ಮೂರು ಮಿಲಿಮೀಟರ್ ಮಾತ್ರ ಬಿಟ್ಟು ಕೂರಿಸಿ. ಗಾಳಿ ಎದುರಿನಿಂದ ಬಡಿಯುವ ಬದಿ ಹೇಗೂ ತಣ್ಣಗಾಗುತ್ತದೆ. ಕಾಯುವುದು ಗಾಳಿ ಬಿಟ್ಟುಹೋಗುವ ಮರೆಯ ಬದಿ. ಆದ್ದರಿಂದ ತಡೆ ಆ ಬದಿಯಲ್ಲೇ ಬಿಗಿಯಾಗಿರಬೇಕು. ಇದಾದ ಮೇಲೆ ಮುಂದಿನ ರಂಧ್ರವನ್ನು ಮೊದಲಿಗಿಂತ ಚಿಕ್ಕದು ಮಾಡಿದರೂ ಎಂಜಿನ್ ತಂಪಾಗಿ ಓಡುವುದನ್ನು ನೀವೇ ಕಾಣುತ್ತೀರಿ.

ರಂಧ್ರ ಎಲ್ಲಿದೆ ಎಂಬುದೂ ಮುಖ್ಯ. ವಿಮಾನದ ಮೈಗೆ ಅಂಟಿಕೊಂಡಂತೆ ಹರಿಯುವ ಗಾಳಿಯ ಪದರ ಹಿಂದೆ ಹೋದಷ್ಟೂ ದಪ್ಪವಾಗಿ, ನಿಧಾನವಾಗುತ್ತದೆ. ಸೆಕೆಂಡಿಗೆ 20 ಮೀಟರ್ ವೇಗದ ಹಾರಾಟದಲ್ಲಿ, ಮೂತಿಯಿಂದ 70 ಸೆಂಟಿಮೀಟರ್ ಹಿಂದೆ ಈ ಮಂದ ಪದರ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪ ಇರುತ್ತದೆ. ಅಲ್ಲಿ ಮೈಗೆ ಸಮವಾಗಿ ಕೊರೆದ ರಂಧ್ರಕ್ಕೆ ಸಿಗುವುದು ಸೋತ ಗಾಳಿ. 1940ರ ದಶಕದಲ್ಲಿ ಅಮೆರಿಕದ ವೈಮಾನಿಕ ಸಂಶೋಧನಾ ಸಂಸ್ಥೆ ನಾಕಾ ರೂಪಿಸಿದ, ಮೈಯೊಳಕ್ಕೆ ಇಳಿದಂತಿರುವ ಒಳದಾರಿ ನೋಡಲು ಚೆಂದ, ಮತ್ತು ಮುಂಬದಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹಿಂಬದಿಯಲ್ಲಿ ಮಾತ್ರ ಅದರ ಮೇಲೆ ಭರವಸೆ ಇಡಬೇಡಿ. ನಿಮ್ಮ ವಿಮಾನಕ್ಕೆ ಮೈಯಿಂದ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಹೊರಗೆ ಚಾಚಿದ ಬಾಯಿಯ ಸ್ಕೂಪ್ ಬೇಕು. ಅದನ್ನು ಹೊಟ್ಟೆಯ ಕೆಳಗೆ ಇಡಿ. ಮೂತಿ ಎತ್ತಿ ಏರುವಾಗ ಎಂಜಿನ್ ಅತಿ ಹೆಚ್ಚು ದುಡಿಯುತ್ತದೆ, ವಿಮಾನದ ವೇಗ ಮಾತ್ರ ಕಡಿಮೆಯಿರುತ್ತದೆ. ಆ ಕಷ್ಟದ ಹೊತ್ತಿನಲ್ಲಿ ಗಾಳಿ ನೇರವಾಗಿ ಸಿಗುವುದು ಕೆಳಬದಿಯಲ್ಲಿ.

ಇನ್ನೆರಡು ವಿಷಯಗಳನ್ನು ಪರೀಕ್ಷಿಸಿ, ಏಕೆಂದರೆ ಎಂಜಿನ್ನನ್ನು ತಿರುಗಿಸಿ ಕೂರಿಸಿದಾಗ ಇವು ಗಮನಕ್ಕೆ ಬಾರದೆ ಉಳಿಯುತ್ತವೆ. ಸಾಮಾನ್ಯ ಗ್ಲೋ ಎಂಜಿನ್ನಿನಲ್ಲಿ ಕಾರ್ಬುರೇಟರ್ ಇರುವುದು ಪ್ರೊಪೆಲ್ಲರ್ ಮತ್ತು ಸಿಲಿಂಡರ್ ನಡುವೆ. ಮೂತಿಯಲ್ಲಿದ್ದಾಗ ಅದಕ್ಕೆ ತಣ್ಣನೆಯ ಗಾಳಿಯೇ ಸಿಗುತ್ತಿತ್ತು. ಈಗ ಅದು ಸಿಲಿಂಡರಿನ ಹಿಂದಕ್ಕೆ ಬಂದು, ಫಿನ್‌ಗಳನ್ನು ದಾಟಿ ಕಾದ ಗಾಳಿಯನ್ನು ಉಸಿರಾಡುತ್ತಿದೆ. ದೊಡ್ಡ ವಿಮಾನಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ತೊಂದರೆ ಆದದ್ದುಂಟು. 1946ರಲ್ಲಿ ಮೊದಲು ಹಾರಿದ ಅಮೆರಿಕದ ಬಿ-36 ಬಾಂಬರಿನ ಆರು ಎಂಜಿನ್‌ಗಳನ್ನು ಹಿಂದಿನಿಂದ ತಳ್ಳುವಂತೆ ತಿರುಗಿಸಿದಾಗ, ಸಿಲಿಂಡರುಗಳ ಹಿಂದೆ ಬೆಚ್ಚಗಿರಬೇಕಿದ್ದ ಕಾರ್ಬುರೇಟರುಗಳು ಎದುರಿನ ಶೀತಗಾಳಿಗೆ ಸಿಕ್ಕಿ ಹಿಮಗಟ್ಟುತ್ತಿದ್ದವು. ನಿಮಗೆ ಹಿಮದ ಭಯವಿಲ್ಲ, ಬಿಸಿಗಾಳಿಯ ಭಯವಿದೆ. ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವೆ ಒಂದು ಅಡ್ಡತಡೆ ಇಟ್ಟು, ಕಾರ್ಬುರೇಟರಿಗೆ ಕೌಲಿಂಗ್‌ನ ಪಕ್ಕದಿಂದ ಬೇರೆ ತೆರಪು ಕೊಡಿ. ಆ ತೆರಪು ಎದುರುಗಾಳಿಗೆ ನೇರವಾಗಿ ಮುಖಮಾಡದಿರಲಿ. ನೇರ ಗಾಳಿ ನುಗ್ಗಿದರೆ ವೇಗ ಬದಲಾದಂತೆಲ್ಲ ಇಂಧನ ಮತ್ತು ಗಾಳಿಯ ಮಿಶ್ರಣವೂ ಬದಲಾಗುತ್ತದೆ. ಇನ್ನೊಂದು ಸೈಲೆನ್ಸರಿನ ಮಾತು. ಎಂಜಿನ್ ತಿರುಗಿದಾಗ ಅದರ ಬಾಯಿಯೂ ತಿರುಗಿ ಮುಂದಕ್ಕೆ ಮುಖಮಾಡುತ್ತದೆ, ಅದು ಉಗುಳುವ ಬಿಸಿ ಹೊಗೆ ಸ್ಕೂಪಿನೊಳಕ್ಕೆ ಹೋಗುವ ಅಪಾಯವಿದೆ. ಸೈಲೆನ್ಸರನ್ನು ಮಗುಚಿ ಜೋಡಿಸಿ, ಇಲ್ಲವೇ ಬಾಯಿಗೆ ಸಿಲಿಕೋನ್ ಕೊಳವೆ ಸಿಕ್ಕಿಸಿ ಹೊಗೆಯನ್ನು ಹಿಂದಕ್ಕೆ ತಿರುಗಿಸಿ.

ಪ್ರಶ್ನೆ: ನನ್ನ ಪುಷರ್ ವಿಮಾನದ ಕೌಲಿಂಗ್ ಪೂರ್ತಿ ತೆರೆದೇ ಇದೆ, ಗಾಳಿಗೆ ಅಡ್ಡಿಯಿಲ್ಲ. ಆದರೂ ಟ್ಯಾಂಕ್ ಅರ್ಧ ಖಾಲಿಯಾದ ಮೇಲೆ ಏರುವಾಗಲೆಲ್ಲ ಎಂಜಿನ್ ಬಿಸಿಯೇರಿ ನಿಲ್ಲುತ್ತದೆ. ಟ್ಯಾಂಕ್ ಎಂಜಿನ್ನಿನ ಮುಂದೆ ಇದೆ. ಕೊಳವೆ ಹತ್ತಿರವಾಗಲೆಂದು ಅದರ ಬಿರಡೆಯನ್ನು ಹಿಂದಕ್ಕೆ ಮಾಡಿ ಇಟ್ಟಿದ್ದೇನೆ.
ಹೊಳಲ್ಕೆರೆ

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯದಲ್ಲೇ ಕಾರಣ ಇದೆ. ಟ್ಯಾಂಕಿನೊಳಗೆ ಮೆತ್ತನೆಯ ಕೊಳವೆಯ ತುದಿಯಲ್ಲಿರುವ ಭಾರದ ಕ್ಲಂಕ್ ಯಾವಾಗಲೂ ಬಿರಡೆಯ ಎದುರು ತುದಿಯಲ್ಲಿರುತ್ತದೆ. ಬಿರಡೆ ಹಿಂದಕ್ಕಿದ್ದರೆ ಕ್ಲಂಕ್ ಟ್ಯಾಂಕಿನ ಮುಂಭಾಗದಲ್ಲಿ ಉಳಿಯುತ್ತದೆ. ಮೂತಿ ಎತ್ತಿ ಏರುವಾಗ ಇಂಧನವೆಲ್ಲ ಹಿಂದಕ್ಕೆ ಸರಿಯುತ್ತದೆ. ಕ್ಲಂಕ್ ಬರಿದಾದ ಜಾಗದಲ್ಲಿ ಗಾಳಿಯನ್ನು ಹೀರುತ್ತದೆ. ಇಂಧನ ಕೊರೆಯಾದ ಮಿಶ್ರಣ, ಅಂದರೆ ಲೀನ್ ಮಿಶ್ರಣ, ಎಂಜಿನ್ನನ್ನು ಕ್ಷಣಗಳಲ್ಲೇ ಕಾಯಿಸುತ್ತದೆ. ಟ್ಯಾಂಕನ್ನು ಸಾಮಾನ್ಯ ವಿಮಾನದಲ್ಲಿರುವಂತೆಯೇ ಬಿರಡೆ ಮುಂದಕ್ಕೆ ಬರುವ ಹಾಗೆ ಇಟ್ಟು, ಕೊಳವೆಯನ್ನು ಪಕ್ಕದಿಂದ ಬಳಸಿ ಹಿಂದಕ್ಕೆ ತನ್ನಿ. ಟ್ಯಾಂಕಿನ ಮಧ್ಯರೇಖೆ ಇಂಧನದ ಹರಿವನ್ನು ಹೊಂದಿಸುವ ನೀಡಲ್ ವಾಲ್ವಿನ ಮಟ್ಟದಲ್ಲಿ, ಅಥವಾ ಅದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಕೆಳಗೆ ಇರಲಿ.

ಮೂತಿಯಲ್ಲಿ ಎಂಜಿನ್ ಇರುವ ವಿಮಾನದಲ್ಲಿ ಟ್ಯಾಂಕ್ ಹಿಂದಿರುವುದರಿಂದ ಏರುವಾಗ ಇಂಧನದ ಮಟ್ಟ ಎಂಜಿನ್ನಿಗಿಂತ ಕೆಳಗಾಗಿ ಮಿಶ್ರಣ ಲೀನ್ ಆಗುತ್ತದೆ. ಅದಕ್ಕಾಗಿಯೇ ಹಾರಿಸುವ ಮೊದಲು ಮೂತಿ ಎತ್ತಿ ನೋಡುವ ಪದ್ಧತಿ ಇದೆ. ನಿಮ್ಮದರಲ್ಲಿ ಟ್ಯಾಂಕ್ ಎಂಜಿನ್ನಿನ ಮುಂದಿದೆ, ಆದ್ದರಿಂದ ಏರುವಾಗ ಮಿಶ್ರಣ ದಟ್ಟವಾಗುತ್ತದೆ, ಮೂತಿ ತಗ್ಗಿಸಿದಾಗ ಲೀನ್ ಆಗುತ್ತದೆ. ಹಾಗಾಗಿ ಎರಡೂ ಕಡೆಗೆ ಬಾಗಿಸಿ ಪರೀಕ್ಷಿಸಿ, ಮೂತಿ ತಗ್ಗಿದಾಗ ಸದ್ದು ಕುಗ್ಗದಂತೆ ನೀಡಲ್ ಹೊಂದಿಸಿ. ಈ ಪರೀಕ್ಷೆಗೆ ಇಬ್ಬರು ಬೇಕೇ ಬೇಕು. ವಿಮಾನ ಹಿಡಿದವರ ಮೈ, ಕೈ, ಸಡಿಲ ಬಟ್ಟೆ ಯಾವುದೂ ಹಿಂದಿನ ಅಲಗುಗಳ ಹತ್ತಿರ ಬರಬಾರದು, ಮೂತಿ ಎತ್ತಿದಾಗ ಅಲಗು ನೆಲಕ್ಕೆ ತಾಗಬಾರದು. ಮೆಥನಾಲ್ ಹೊತ್ತಿಕೊಂಡರೆ ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬಹುತೇಕ ಕಾಣುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ.

ಪ್ರಶ್ನೆ: ಇಂಧನಕ್ಕೆ ಹರಳೆಣ್ಣೆಯನ್ನು ಹೆಚ್ಚು ಬೆರೆಸಿದರೆ ಎಂಜಿನ್ ತಂಪಾಗಿರುತ್ತದೆಯೇ?
ಹರಿಹರ

ಉತ್ತರ: ಹರಳೆಣ್ಣೆ ಎಂಜಿನ್ನನ್ನು ಕಾಪಾಡುತ್ತದೆ, ಬಿಸಿ ಮಿತಿಮೀರಿದಾಗಲೂ ಲೋಹದ ಮೇಲೆ ಪದರವಾಗಿ ಉಳಿಯುವ ಅದರ ಗುಣ ಪುಷರ್ ವಿಮಾನಕ್ಕೆ ಬಹಳ ಉಪಯುಕ್ತ. ಆದರೆ ಮಿಶ್ರಣದ ಐದನೇ ಒಂದು ಭಾಗ ಎಣ್ಣೆ ಇದ್ದರೆ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಅಷ್ಟೂ ಮೆಥನಾಲ್ ಕಡಿಮೆಯಾಗುತ್ತದೆ, ಮತ್ತು ಒಳಗಿನಿಂದ ನಿಜವಾಗಿ ತಂಪು ಮಾಡುವುದು ಮೆಥನಾಲ್. ಒಂದು ಕಿಲೋಗ್ರಾಂ ಮೆಥನಾಲ್ ಆವಿಯಾಗಲು ಸುಮಾರು 1,100 ಕಿಲೋಜೌಲ್ ಶಾಖವನ್ನು ಹೀರಿಕೊಳ್ಳುತ್ತದೆ, ಇದು ಪೆಟ್ರೋಲಿನ ಸುಮಾರು ಮೂರು ಪಟ್ಟು. ಆದ್ದರಿಂದ ಎಣ್ಣೆಯನ್ನು ಹೆಚ್ಚಿಸುವ ಬದಲು ನೀಡಲ್ ವಾಲ್ವನ್ನು ಸ್ವಲ್ಪ ತೆರೆಯಿರಿ: ಪೂರ್ಣ ಥ್ರಾಟಲಿನಲ್ಲಿ ಗರಿಷ್ಠ ವೇಗ ಕಂಡುಕೊಂಡು, ಟ್ಯಾಕೋಮೀಟರ್ ನೋಡುತ್ತಾ ನಿಮಿಷಕ್ಕೆ 300ರಿಂದ 500 ಸುತ್ತು ಕಡಿಮೆಯಾಗುವವರೆಗೆ ಬಿಡಿಸಿ. ಇದನ್ನು ಗಾಳಿಯ ದಾರಿ ಸರಿಪಡಿಸಿದ ಮೇಲೆ ಮಾಡಿ, ಅದರ ಬದಲಿಗೆ ಅಲ್ಲ.

ಮಧ್ಯಾಹ್ನ ಹೊಂದಿಸಿದ ನೀಡಲ್ಲನ್ನು ಮರುದಿನ ಬೆಳಗ್ಗೆ ಹಾಗೆಯೇ ಬಿಟ್ಟು ಹಾರಿಸಬೇಡಿ. ಬೆಳಗಿನ ತಂಪುಗಾಳಿ ಹೆಚ್ಚು ಸಾಂದ್ರ. ಅದೇ ನೀಡಲ್ ಸ್ಥಾನದಲ್ಲಿ ಆಮ್ಲಜನಕ ಹೆಚ್ಚಾಗಿ ಮಿಶ್ರಣ ಲೀನ್ ಆಗುತ್ತದೆ. ಹವೆ ತಂಪಾಗಿದ್ದ ದಿನವೇ ಎಂಜಿನ್ ಸುಟ್ಟಿತೆಂದು ಕೆಲವರು ಬೆರಗಾಗುವುದು ಇದರಿಂದಲೇ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮಕ್ಕಳಿಗೆ ತೋರಿಸಲೆಂದು ಫೋಮಿನ ಫ್ಲೈಯಿಂಗ್ ವಿಂಗ್ (ಬಾಲವಿಲ್ಲದ, ರೆಕ್ಕೆಯಷ್ಟೇ ಇರುವ ವಿಮಾನ) ಒಂದನ್ನು ಕಟ್ಟಿದ್ದೇನೆ. ಹಿಂದೆ ಬ್ರಶ್‌ಲೆಸ್ ಮೋಟಾರ್, ಮೂರು ಸೆಲ್‌ಗಳ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. 9 ಇಂಚಿನ ಪ್ರೊಪೆಲ್ಲರ್ ತೆಗೆದು 10 ಇಂಚಿನದನ್ನು ಹಾಕಿದ ಮೇಲೆ, ಏಪ್ರಿಲ್ ಮಧ್ಯಾಹ್ನಗಳಲ್ಲಿ ಹಾರಾಟದ ನಡುವೆಯೇ ಮೋಟಾರ್ ನಿಂತುಹೋಗುತ್ತಿದೆ. ಇಳಿಸಿ ನೋಡಿದರೆ ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಮುಟ್ಟಲಾಗದಷ್ಟು ಬಿಸಿ.
ಚಳ್ಳಕೆರೆ

ಉತ್ತರ: ನಿಮ್ಮ ಇಎಸ್‌ಸಿ ತನ್ನನ್ನು ಉಳಿಸಿಕೊಳ್ಳಲು ಮೋಟಾರನ್ನು ನಿಲ್ಲಿಸುತ್ತಿದೆ. ಪ್ರೊಪೆಲ್ಲರ್ ಒಂದೇ ಇಂಚು ದೊಡ್ಡದಾಯಿತು ಎನ್ನಿಸಬಹುದು, ಆದರೆ ಅದು ಬೇಡುವ ಶಕ್ತಿ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ: ಪಿಚ್ (ಅಲಗಿನ ಓರೆಯ ಅಳತೆ) ಮತ್ತು ಸುತ್ತಿನ ವೇಗ ಅಷ್ಟೇ ಇದ್ದರೆ 9ರಿಂದ 10 ಇಂಚಿಗೆ ಹೋದಾಗ ಒಂದೂವರೆ ಪಟ್ಟು. ವಿದ್ಯುತ್ ಪ್ರವಾಹ ಒಂದೂವರೆ ಪಟ್ಟಾದರೆ ತಾಮ್ರದ ಸುರುಳಿಯಲ್ಲಿ ಹುಟ್ಟುವ ಶಾಖ ಅದರ ವರ್ಗದಂತೆ ಏರಿ ಎರಡು ಪಟ್ಟನ್ನು ಮೀರುತ್ತದೆ. ವಾಸ್ತವದಲ್ಲಿ ಭಾರಕ್ಕೆ ಸುತ್ತಿನ ವೇಗ ತುಸು ತಗ್ಗುವುದರಿಂದ ಇಷ್ಟು ಪೂರ್ತಿ ಆಗದು, ಆದರೂ ಹೊರೆ ದೊಡ್ಡದು. ಮೊದಲು 9 ಇಂಚಿನದಕ್ಕೆ ಮರಳಿ, ವ್ಯಾಟ್ ಮೀಟರ್ ಜೋಡಿಸಿ ಪೂರ್ಣ ಥ್ರಾಟಲಿನಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆಂದು ನೋಡಿ. ಇಎಸ್‌ಸಿಯ ಮೇಲೆ ಬರೆದಿರುವ ಮಿತಿಯ ನಾಲ್ಕನೇ ಮೂರು ಭಾಗ ದಾಟದಿರುವುದು ಪುಷರ್ ವಿಮಾನಕ್ಕೆ ಕ್ಷೇಮ. ಪ್ರೊಪೆಲ್ಲರನ್ನು ಹೇಗೆ ಕೂರಿಸಿದ್ದೀರಿ ಎಂಬುದನ್ನೂ ನೋಡಿಕೊಳ್ಳಿ: ಅಳತೆಯ ಅಂಕಿ ಅಚ್ಚಾಗಿರುವ ಮುಖ ಯಾವಾಗಲೂ ವಿಮಾನ ಹಾರುವ ದಿಕ್ಕಿಗೇ ಇರಬೇಕು. ತಿರುಗುವ ದಿಕ್ಕು ತಪ್ಪಿದ್ದರೆ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯಿತು. ಗ್ಲೋ ಎಂಜಿನ್ನಿಗೆ ಈ ಅನುಕೂಲವಿಲ್ಲ, ಅದಕ್ಕೆ ಅಳತೆಯ ಕೊನೆಯಲ್ಲಿ ‘ಪಿ’ ಅಕ್ಷರವಿರುವ ಪುಷರ್ ಪ್ರೊಪೆಲ್ಲರನ್ನೇ ಕೊಳ್ಳಬೇಕು.

ಚಿತ್ರದುರ್ಗ ಜಿಲ್ಲೆಯ ಹವೆಯ ಪಾಲೂ ಇದರಲ್ಲಿದೆ. ಚಿತ್ರದುರ್ಗ ಸಮುದ್ರ ಮಟ್ಟದಿಂದ ಸುಮಾರು 730 ಮೀಟರ್, ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿವೆ. ಇಷ್ಟು ಎತ್ತರದಲ್ಲಿ 38 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಪ್ರಮಾಣಿತ ಸಾಂದ್ರತೆಗಿಂತ ಸುಮಾರು ಶೇ. 15ರಷ್ಟು ಕಡಿಮೆ. ಶಾಖವನ್ನು ಹೊತ್ತೊಯ್ಯಬೇಕಾದ ಗಾಳಿಯೇ ಅಷ್ಟು ಹಗುರ. ಅದರ ಜೊತೆಗೆ, 100 ಡಿಗ್ರಿಗೆ ಕಾದ ಲೋಹಕ್ಕೂ 25 ಡಿಗ್ರಿಯ ಬೆಳಗಿನ ಗಾಳಿಗೂ 75 ಡಿಗ್ರಿ ಅಂತರವಿದ್ದರೆ, 38 ಡಿಗ್ರಿಯ ಮಧ್ಯಾಹ್ನದಲ್ಲಿ ಅದು 62ಕ್ಕೆ ಇಳಿಯುತ್ತದೆ. ಎರಡೂ ಸೇರಿದಾಗ ಬೇರೆ ಊರಿನ ತಂಪಿನಲ್ಲಿ ಅಂಚಿನಲ್ಲಿ ಓಡುತ್ತಿದ್ದ ಜೋಡಣೆ ಇಲ್ಲಿ ಅಂಚನ್ನು ದಾಟುತ್ತದೆ. ಮಕ್ಕಳನ್ನು ಕರೆತರುವುದಾದರೆ ಬೆಳಗ್ಗೆ ಒಂಬತ್ತರೊಳಗೆ ಹಾರಿಸಿ ಮುಗಿಸುವುದು ವಿಮಾನಕ್ಕೂ ಮಕ್ಕಳಿಗೂ ಒಳ್ಳೆಯದು.

ಫ್ಲೈಯಿಂಗ್ ವಿಂಗ್‌ನಲ್ಲಿ ಮೋಟಾರ್ ಸಾಮಾನ್ಯವಾಗಿ ಹೊರಗೆ ತೆರೆದೇ ಇರುತ್ತದೆ. ಸೆಕೆಗೆ ಸಿಕ್ಕುವುದು ಫೋಮಿನ ಗೂಡಿನೊಳಗೆ ಹುದುಗಿದ ಇಎಸ್‌ಸಿ. ಫೋಮ್ ಶಾಖವನ್ನು ಹೊರಕ್ಕೆ ಬಿಡುವುದಿಲ್ಲ. ಇಎಸ್‌ಸಿಯ ಲೋಹದ ಫಲಕವನ್ನು ರೆಕ್ಕೆಯ ಕೆಳಮುಖದಲ್ಲಿ ಹೊರಗಾಳಿಗೆ ತೆರೆದಂತೆ ಕೂರಿಸಿ. ಅದಾಗದಿದ್ದರೆ ಮೂತಿಯಿಂದ ಹಿಂದಿನವರೆಗೆ ಒಂದು ಕಾಲುವೆ ಕೊರೆದು, ಬ್ಯಾಟರಿ, ಇಎಸ್‌ಸಿ, ಮೋಟಾರ್ ಈ ಕ್ರಮದಲ್ಲಿ ಗಾಳಿ ಹಾಯುವಂತೆ ಮಾಡಿ. ಮೊದಲ ಉತ್ತರದಲ್ಲಿ ಹೇಳಿದ ಒಳದಾರಿ, ಹೊರದಾರಿಗಳ ಅಳತೆ ಇಲ್ಲಿಗೂ ಅನ್ವಯಿಸುತ್ತದೆ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಕಳವಳ ತರುವುದು ನಿಯಂತ್ರಣ ಫಲಕಗಳನ್ನು ಆಡಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳ ವಿದ್ಯುತ್. ನಿಮ್ಮ ಇಎಸ್‌ಸಿಯೊಳಗೆ ಲೀನಿಯರ್ ಬಿಇಸಿ (ಬ್ಯಾಟರಿಯ ವೋಲ್ಟೇಜನ್ನು ಸರ್ವೋಗಳಿಗೆ ತಕ್ಕಂತೆ ಇಳಿಸುವ ಭಾಗ) ಇದ್ದರೆ ಅದು 11.1 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 6.1 ವೋಲ್ಟನ್ನು ಶಾಖವಾಗಿಯೇ ಕಳೆಯುತ್ತದೆ. ಸರ್ವೋಗಳು ಒಂದು ಆಂಪಿಯರ್ ಎಳೆದರೆ ಆರು ವ್ಯಾಟ್ ಶಾಖ ಅಲ್ಲೇ ಹುಟ್ಟುತ್ತದೆ. ಮೋಟಾರ್ ನಿಂತರೆ ವಿಮಾನವನ್ನು ತೇಲಿಸಿಕೊಂಡು ಇಳಿಸಬಹುದು. ಬಿಇಸಿ ನಿಂತರೆ ನಿಯಂತ್ರಣವೇ ಹೋಗುತ್ತದೆ, ಕೆಳಗೆ ಮಕ್ಕಳು ನಿಂತಿರುತ್ತಾರೆ. ಇಷ್ಟು ಶಾಖ ಹುಟ್ಟಿಸದ, ಪ್ರತ್ಯೇಕವಾದ ಸ್ವಿಚಿಂಗ್ ಬಿಇಸಿ ಹಾಕದೆ ಈ ವಿಮಾನವನ್ನು ಮಕ್ಕಳ ಎದುರು ಹಾರಿಸಬೇಡಿ ಎಂದು ಒತ್ತಿ ಹೇಳುತ್ತೇನೆ.

ಚಳ್ಳಕೆರೆಯ ಬಳಿ 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯವಿದೆ. ಅಲ್ಲಿ ಮಾನವರಹಿತ ವಿಮಾನಗಳ ಹಾರಾಟ ನಡೆಯುವುದರಿಂದ, 2021ರ ಡ್ರೋನ್ ನಿಯಮಗಳಡಿ ಗುರುತಿಸಿದ ಹಸಿರು, ಹಳದಿ, ಕೆಂಪು ವಲಯಗಳ ನಕ್ಷೆಯನ್ನು ನೋಡಿ, ನಿಮ್ಮ ಮೈದಾನ ಯಾವುದರಲ್ಲಿದೆಯೆಂದು ಖಚಿತಪಡಿಸಿಕೊಂಡೇ ಹಾರಿಸಿ.

ಪ್ರಶ್ನೆ: ಎಂಜಿನ್ ಎಷ್ಟು ಬಿಸಿಯಾದರೆ ಅಪಾಯ? ಇನ್‌ಫ್ರಾರೆಡ್ ಥರ್ಮಾಮೀಟರ್ 70 ಡಿಗ್ರಿ ತೋರಿಸುತ್ತಿದೆ, ಆದರೆ ಎಂಜಿನ್ ಮೇಲೆ ಹನಿಸಿದ ನೀರು ಚುರ್ರೆಂದು ಆರಿಹೋಗುತ್ತದೆ. ಯಾವುದನ್ನು ನಂಬಲಿ?
ಹಿರಿಯೂರು

ಉತ್ತರ: ನೀರನ್ನು ನಂಬಿ. ಹೊಳೆಯುವ ಅಲ್ಯೂಮಿನಿಯಂ ತನ್ನ ಶಾಖವನ್ನು ಕಿರಣವಾಗಿ ಬಹಳ ಕಡಿಮೆ ಹೊರಸೂಸುತ್ತದೆ. ಆದ್ದರಿಂದ ಇನ್‌ಫ್ರಾರೆಡ್ ಸಾಧನ ನಿಜಕ್ಕಿಂತ ಕಡಿಮೆ ಓದುತ್ತದೆ. ಗ್ಲೋ ಪ್ಲಗ್ಗಿನ ಪಕ್ಕ, ಹೆಡ್ಡಿನ ಮೇಲೆ, ಶಾಖ ತಾಳುವ ಮಂದ ಕಪ್ಪು ಬಣ್ಣವನ್ನು ಬೆರಳಗಲ ಹಚ್ಚಿ, ಯಾವಾಗಲೂ ಆ ಜಾಗವನ್ನೇ ಅಳೆಯಿರಿ. ಗ್ಲೋ ಎಂಜಿನ್ನಿನ ಹೆಡ್ 100ರಿಂದ 130 ಡಿಗ್ರಿ ಸೆಲ್ಸಿಯಸ್ ನಡುವೆ ಇರುವುದು ಸಹಜ. 150ರ ಹತ್ತಿರ ಬಂದರೆ ಹಾರಾಟ ನಿಲ್ಲಿಸಿ. ವಿದ್ಯುತ್ ಮೋಟಾರಿಗೆ ಮಿತಿ ಇನ್ನೂ ಕೆಳಗಿದೆ: ಸಾಧಾರಣ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ದಾಟಿದರೆ ಶಾಶ್ವತವಾಗಿ ಬಲ ಕಳೆದುಕೊಳ್ಳಬಹುದು, ಲೈಪೊ ಬ್ಯಾಟರಿ 60 ಡಿಗ್ರಿಯನ್ನು ಎಂದೂ ಮೀರಬಾರದು.

ಅಳತೆಯನ್ನು ಇಳಿದ ತಕ್ಷಣವೇ ತೆಗೆದುಕೊಳ್ಳಿ. ಪುಷರ್ ವಿಮಾನ ನೆಲಕ್ಕಿಳಿದು ಎಂಜಿನ್ ನಿಂತ ಮೇಲೆ ಕೌಲಿಂಗ್ ಒಳಗೆ ಗಾಳಿಯ ಚಲನೆಯೇ ಇರುವುದಿಲ್ಲ, ಒಳಗಿನ ಶಾಖವೆಲ್ಲ ಟ್ಯಾಂಕಿಗೂ ಫೋಮಿಗೂ ಹರಡಿ, ಒಂದೆರಡು ನಿಮಿಷದ ನಂತರ ಓದಿದ ಅಂಕಿ ಹಾರಾಟದ ಸ್ಥಿತಿಯನ್ನು ಹೇಳುವುದಿಲ್ಲ. ಅಳೆದ ಮೇಲೆ ಮುಚ್ಚಳ ತೆಗೆದು, ಮೂತಿಯನ್ನು ಗಾಳಿ ಬೀಸಿ ಬರುವ ದಿಕ್ಕಿಗೆ ತಿರುಗಿಸಿ ಇಡಿ. ಹಾರಿಸುವ ಮುಂಚೆ ಎಂಜಿನ್ ಹೊಂದಿಸುವಾಗಲೂ ಹೀಗೆಯೇ ಗಾಳಿಗೆ ಎದುರಾಗಿ ನಿಲ್ಲಿಸಿ. ಗಾಳಿ ಬಿದ್ದುಹೋದ ದಿನ ಮೂತಿಯ ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟುಕೊಳ್ಳಿ, ಪೂರ್ಣ ಥ್ರಾಟಲನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ.